ಕಂಟೇನರ್ ಬಾಗಿಲಿನ ಎಂಟನೇ ಬುಷ್ ಬದಲಿಸುವ ಬಗ್ಗೆ

ಬಾಗಿಲು ಮತ್ತು ಬೀಗ ನಿರ್ವಹಣಾ ವಿಭಾಗ
ಕಂಟೇನರ್ ಯಾರ್ಡ್, ಆರನೇ ಸಾಲಿನ ಪಕ್ಕದ ತಗಡಿನ ಕಚೇರಿ

ಸುತ್ತೋಲೆ ಸಂಖ್ಯೆ: ಬಾಬೀನಿ/ಬುಷ್/ಸವೆತ/೭+೧
ದಿನಾಂಕ: ಈ ತಿಂಗಳ ೨೨, ಬುಧವಾರ

ವಿಷಯ: ಕಂಟೇನರ್ ಬಾಗಿಲುಗಳ ಲಾಕ್ ಸರಳುಗಳಲ್ಲಿ ಸವೆದ ಬುಷ್‌ಗಳನ್ನು ಬದಲಿಸುವ ವಿಧಾನ, ಬಾಗಿಲನ್ನು ಸಂಬೋಧಿಸುವ ಕ್ರಮ, ಬಕೆಟ್ಟಿನ ಮೇಲೆ ಕೂರುವ ರೀತಿ, ಹಾಗೂ ದಿವಂಗತ ಫಿಟ್ಟರ್ ಅವರು ಹಾಕಿದ ಕೊನೆಯ ಏಳು ಬುಷ್‌ಗಳನ್ನು ಕೀಳಬೇಕೇ ಬೇಡವೇ ಎಂಬ ಬಗ್ಗೆ.

ಉಲ್ಲೇಖ:
೧. ಹಾಜರಿ ಪುಸ್ತಕ, ಪುಟ ೧೧೨.
೨. ತಪಾಸಣಾಧಿಕಾರಿಗಳು ಕಂಟೇನರಿನ ಒಳಗಿನಿಂದ ಕೂಗಿ ಹೇಳಿದ ಮೌಖಿಕ ವರದಿ, ದಿನಾಂಕ ೧೫.
೩. ಹದಿನಾಲ್ಕು ಸಿಬ್ಬಂದಿಯ ಹೇಳಿಕೆಗಳು, ಒಂದಕ್ಕೊಂದು ಹೊಂದದವು.
೪. ಸೀಲು ವಿಭಾಗದ ನೌಕರರೊಬ್ಬರ ಮನವಿ, ಎರಡೇ ವಾಕ್ಯದ್ದು.

ಪ್ರಸ್ತಾವನೆ:

ಈ ತಿಂಗಳ ೭ನೇ ತಾರೀಖು ಮಂಗಳವಾರ ಬೆಳಿಗ್ಗೆ ಎಂಟು ಗಂಟೆಗೆ ಹಾಜರಿ ಪುಸ್ತಕವನ್ನು ಮುಚ್ಚುವಾಗ, ಈ ವಿಭಾಗದ ಏಕೈಕ ಬುಷ್ ಫಿಟ್ಟರ್ ಅವರ ಹೆಸರಿನ ಮುಂದೆ ಸಹಿ ಇಲ್ಲದಿರುವುದು ಕಂಡುಬಂದಿತು. ಮೂವತ್ತೊಂದು ವರ್ಷಗಳಲ್ಲಿ ಹೀಗಾದದ್ದು ಇದೇ ಮೊದಲಾದ್ದರಿಂದ, ಪುಸ್ತಕದಲ್ಲೇ ಏನೋ ದೋಷವಿದೆಯೆಂದು ಭಾವಿಸಿ ಬೇರೊಂದು ಪುಸ್ತಕ ತರಿಸಿ ನೋಡಲಾಯಿತು. ಅದರಲ್ಲಿಯೂ ಸಹಿ ಇರಲಿಲ್ಲ. ಅದು ಹೊಸ ಪುಸ್ತಕವಾಗಿತ್ತು.

ನಿಯಮದಂತೆ ಕೆಂಪು ಶಾಯಿಯಲ್ಲಿ ‘ತಡ’ ಎಂದು ಬರೆಯಲಾಯಿತು. ಎಂಟು ಗಂಟೆ ಹತ್ತು ನಿಮಿಷಕ್ಕೆ ಫಿಟ್ಟರ್ ಅವರ ಮಗಳು, ಇದೇ ಯಾರ್ಡಿನಲ್ಲಿ ಮುಚ್ಚಿದ ಬಾಗಿಲುಗಳಿಗೆ ಸೀಲು ಹಾಕುವ ಕೆಲಸದಲ್ಲಿರುವವರು, ಬರಿಗಾಲಿನಲ್ಲಿ ಬಂದು ಕಚೇರಿಯ ಹೊಸ್ತಿಲಲ್ಲಿ ನಿಂತು, “ದೊಡ್ಡಪ್ಪ, ಅಪ್ಪ ಏಳ್ಲಿಲ್ಲ” ಎಂದು ತಿಳಿಸಿದರು. ಕೆಲಸದ ವೇಳೆಯಲ್ಲಿ ಮೇಲ್ವಿಚಾರಕರನ್ನು ‘ಸರ್’ ಎಂದೇ ಕರೆಯಬೇಕೆಂಬ ನಿಯಮವನ್ನು ಅಂದು ಜ್ಞಾಪಿಸಲಿಲ್ಲ. ಹಾಜರಿ ಪುಸ್ತಕದಲ್ಲಿ ಬರೆದದ್ದನ್ನು ಅಳಿಸಲು ಯಾರಿಗೂ ಅಧಿಕಾರವಿಲ್ಲದ ಕಾರಣ, ‘ತಡ’ ಎಂಬುದರ ಮುಂದೆ ‘ಆಗಿಲ್ಲ’ ಎಂದು ಸೇರಿಸಿ ಸರಿಪಡಿಸಲಾಗಿದೆ.

ಈ ಸುತ್ತೋಲೆಗೆ ಸಹಿ ಹಾಕುತ್ತಿರುವ ಮೇಲ್ವಿಚಾರಕರು ಮೃತರ ಸ್ವಂತ ಅಣ್ಣನಾಗಿದ್ದು, ಈ ಸಂಬಂಧವು ಯಾವ ಖಂಡಿಕೆಯ ಮೇಲೂ ಪ್ರಭಾವ ಬೀರಿಲ್ಲವೆಂದು ಈ ಮೂಲಕ ಪ್ರಮಾಣೀಕರಿಸಲಾಗಿದೆ. ಪ್ರಮಾಣೀಕರಿಸಿದವರೂ ಅವರೇ.

ಹೊಸದಾಗಿ ಸೇರಿದವರ ತಿಳಿವಳಿಕೆಗಾಗಿ: ಒಂದು ಕಂಟೇನರಿಗೆ ಎರಡು ಬಾಗಿಲು. ಪ್ರತಿ ಬಾಗಿಲಿನ ಮೇಲೆ ನೆಲದಿಂದ ಸೂರಿನವರೆಗೆ ನಿಂತ ಎರಡು ಕಬ್ಬಿಣದ ಸರಳು. ಹ್ಯಾಂಡಲ್ ತಿರುಗಿಸಿದರೆ ಸರಳು ತಿರುಗಿ, ಅದರ ಎರಡು ತುದಿಯ ಕೊಕ್ಕೆಗಳು ಚೌಕಟ್ಟನ್ನು ಹಿಡಿಯುತ್ತವೆ. ಸರಳನ್ನು ಬಾಗಿಲಿಗೆ ಹಿಡಿದಿಡುವುದು ಬ್ರಾಕೆಟ್. ಸರಳಿಗೂ ಬ್ರಾಕೆಟ್ಟಿಗೂ ನಡುವೆ ಬಳೆಯಂತೆ ಕೂರುವ ಪ್ಲಾಸ್ಟಿಕ್ಕಿನ ತುಂಡೇ ಬುಷ್. ಕಬ್ಬಿಣ ಕಬ್ಬಿಣವನ್ನು ತಿನ್ನದಂತೆ ನಡುವೆ ನಿಂತು ತಾನು ಸವೆಯುವುದು ಅದರ ಕರ್ತವ್ಯ. ನಮ್ಮ ಯಾರ್ಡಿಗೆ ಬರುವ ಕಂಟೇನರುಗಳಲ್ಲಿ ಒಂದಕ್ಕೆ ಎಂಟು ಬುಷ್.

ಮೃತರನ್ನು ಯಾರ್ಡಿನವರೆಲ್ಲ ‘ಬುಷ್ ಮಾವ’ ಎಂದು ಕರೆಯುತ್ತಿದ್ದರು. ಅವರಿಗಿಂತ ಹಿರಿಯರೂ ಹಾಗೆಯೇ ಕರೆಯುತ್ತಿದ್ದರು. ಬುಷ್ ಬದಲಿಸುವ ವಿಧಾನವನ್ನು ಬರೆದು ಕೊಡುವಂತೆ ವಿಭಾಗವು ಅವರಿಗೆ ಹತ್ತೊಂಬತ್ತು ಜ್ಞಾಪನಗಳನ್ನು ಕಳಿಸಿದ್ದು, ಹತ್ತೊಂಬತ್ತಕ್ಕೂ ಬಂದ ಉತ್ತರ ಒಂದೇ: “ನಾನಿದ್ದೀನಲ್ಲ, ಬರ್ದು ಏನ್ಮಾಡ್ತೀರಿ.” ಈ ಉತ್ತರವನ್ನು ಪ್ರತಿ ಸಲವೂ ಕಡತದಲ್ಲಿ ಸೇರಿಸಿ ಸಮಾಧಾನಪಡಲಾಗಿದೆ.

೬ನೇ ತಾರೀಖು ಸೋಮವಾರ ಸಂಜೆ ಸೈರನ್ ಆಗುವ ಹೊತ್ತಿಗೆ ಬುಷ್ ಮಾವ ಆರನೇ ಸಾಲಿನ ಕಂಟೇನರೊಂದಕ್ಕೆ ಏಳು ಬುಷ್ ಬದಲಿಸಿದ್ದರು. ಬಲಬಾಗಿಲಿನ ಕೆಳಗಿನದು ಒಂದು ಉಳಿದಿತ್ತು. ಈ ಕಂಟೇನರ್ ೨೩ನೇ ತಾರೀಖು ಗುರುವಾರ ಸಂಜೆ ನಾಲ್ಕರ ಹಡಗಿಗೆ ಹೋಗಬೇಕಾಗಿದೆ. ಆದರೆ ಈ ಯಾರ್ಡಿನಲ್ಲಿ ‘ಒಂದು ಪೆಟ್ಟಿಗೆ, ಒಂದು ಕೈ’ ಎಂಬ ನಿಯಮವಿದೆ. ಒಬ್ಬರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಇನ್ನೊಬ್ಬರು ಮುಂದುವರಿಸುವಂತಿಲ್ಲ. ಹಿಂದಿನವರು ಹಾಕಿದ್ದನ್ನೆಲ್ಲ ಕಿತ್ತು, ಗುಜರಿಗೆ ಹಾಕಿ, ಮೊದಲಿನಿಂದ ಆರಂಭಿಸತಕ್ಕದ್ದು. ಇಪ್ಪತ್ತಾರು ವರ್ಷದ ಹಿಂದೆ ಇಬ್ಬರು ಫಿಟ್ಟರುಗಳು ಒಂದೇ ಬಾಗಿಲಿನ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿ ಜಗಳವಾಡಿದಾಗ ಈ ನಿಯಮವನ್ನು ರಚಿಸಿದವರು ಇದೇ ಸಹಿದಾರರು.

ಮೃತರ ಮಗಳು ೯ನೇ ತಾರೀಖು ಸಲ್ಲಿಸಿದ ಮನವಿಯ ಪೂರ್ಣಪಾಠ: “ಅಪ್ಪ ಹಾಕಿದ ಏಳು ಬುಷ್ ಕೀಳಬೇಡಿ. ಎಂಟನೇದು ನಾನು ಹಾಕ್ತೀನಿ.”

ಅರ್ಜಿದಾರರು ಸೀಲು ಹಾಕುವವರೇ ಹೊರತು ಫಿಟ್ಟರ್ ಅಲ್ಲದ ಕಾರಣ, ಮನವಿಯನ್ನು ಪರಿಶೀಲನೆಯಲ್ಲಿ, ಅಂದರೆ ಮೇಜಿನ ಮೇಲಿನ ಕಲ್ಲುಗುಂಡಿನ ಕೆಳಗೆ, ಇಡಲಾಯಿತು.

ಈ ನಡುವೆ ಕೆಲಸ ನಿಲ್ಲಬಾರದೆಂದು ತಳ್ಳುಗಾಡಿ ಚಕ್ರ ವಿಭಾಗದಿಂದ ಮೂವರನ್ನು ಎರವಲು ಪಡೆದು, ತಯಾರಕರ ಕೈಪಿಡಿಯಲ್ಲಿ ಹೇಳಿದಂತೆ ಹನ್ನೊಂದು ಕಂಟೇನರುಗಳಿಗೆ ಹೊಸ ಬುಷ್ ಹಾಕಿಸಲಾಯಿತು. ಹನ್ನೊಂದರ ಬಾಗಿಲುಗಳೂ ಹ್ಯಾಂಡಲಿಗೆ ಇಬ್ಬರು ಜೋತುಬಿದ್ದ ಮೇಲೆ ಮುಚ್ಚಿಕೊಂಡವು. ಹನ್ನೊಂದರಲ್ಲಿ ಒಂದೂ ಮತ್ತೆ ತೆರೆಯಲಿಲ್ಲ. ಈ ಸಂಗತಿ ೧೫ನೇ ತಾರೀಖಿನಂದು ಬೆಳಕಿಗೆ ಬಂದಿತೆನ್ನುವುದಕ್ಕಿಂತ ಕತ್ತಲಿಗೆ ಬಂದಿತೆನ್ನಬೇಕು. ಬಾಗಿಲ ಸಂದಿಯಲ್ಲಿ ಬೆಳಕು ತೂರುತ್ತದೆಯೇ ಎಂದು ಪರೀಕ್ಷಿಸಲು ತಪಾಸಣಾಧಿಕಾರಿಗಳು ಹನ್ನೊಂದನೇ ಕಂಟೇನರಿನ ಒಳಗೆ ಹೋಗಿ ಹೊರಗಿನಿಂದ ಮುಚ್ಚಿಸಿಕೊಂಡರು. ಅವರ ವರದಿ ಈ ಕೆಳಗಿನಂತಿದೆ.

ಮೊದಲನೇ ನಿಮಿಷ: “ಬೆಳಕು ಒಂಚೂರೂ ಬರ್ತಿಲ್ಲ. ಕೆಲಸ ಚೆನ್ನಾಗಿದೆ. ತೆಗೀರಿ.”
ಹತ್ತನೇ ನಿಮಿಷ: “ಆಯ್ತಪ್ಪ, ತಮಾಷೆ ಸಾಕು.”
ಮೂವತ್ತನೇ ನಿಮಿಷ: “ನಮ್ಮನೆಗೆ ಫೋನ್ ಮಾಡಿ, ಊಟಕ್ಕೆ ಬರಲ್ಲ ಅಂತ ಹೇಳಿ.”

ಫೋನ್ ಮಾಡಲಾಯಿತು. ಅಧಿಕಾರಿಗಳ ಪತ್ನಿಯವರು ವಿಷಯವನ್ನು ಪೂರ್ತಿಯಾಗಿ ಕೇಳಿಕೊಂಡು, “ಗಾಳಿ ಆಡತ್ತಾ” ಎಂದು ವಿಚಾರಿಸಿದರು. ಆಡುತ್ತದೆ ಎಂದು ತಿಳಿಸಿದಾಗ, “ಹಾಗಾದ್ರೆ ಅವಸರ ಏನಿಲ್ಲ. ಅವರು ಇಷ್ಟು ಹೊತ್ತು ಒಂದು ಕಡೆ ಕೂತಿದ್ದು ನಾನು ಮದುವೆಯಾದಾಗಿಂದ ನೋಡಿಲ್ಲ” ಎಂದರು. ಒಂದೂಕಾಲು ಗಂಟೆಯ ನಂತರ ಕ್ರೇನ್ ಚಾಲಕರು ಹಾರೆಕೋಲಿನಿಂದ ಬ್ರಾಕೆಟ್ಟುಗಳನ್ನೇ ಕಿತ್ತು ಅಧಿಕಾರಿಗಳನ್ನು ಹೊರತೆಗೆದರು.

ಇದರಿಂದ ಬುಷ್ ಮಾವನ ವಿಧಾನದಲ್ಲಿ ಕೈಪಿಡಿಯಲ್ಲಿ ಇಲ್ಲದ್ದೇನೋ ಇತ್ತೆಂಬುದು ಸಿದ್ಧವಾಯಿತು. ಅದೇನೆಂದು ತಿಳಿಯಲು ೧೭ನೇ ತಾರೀಖಿನಂದು, ಅವರು ಕೆಲಸ ಮಾಡುವುದನ್ನು ಕಂಡಿದ್ದ ಹದಿನಾಲ್ಕು ಮಂದಿಯ ಹೇಳಿಕೆ ಪಡೆಯಲಾಯಿತು. ಅವರು ಮಾಡುತ್ತಿದ್ದ ಇಷ್ಟೊಂದು ಕೆಲಸಗಳಲ್ಲಿ ಬಾಗಿಲು ತೆರೆಯುವಂತೆ ಮಾಡುತ್ತಿದ್ದುದು ಯಾವುದೆಂದು ಯಾರೂ ಹೇಳಲಾರದೆ ಹೋದ ಕಾರಣ, ಮುಂದಿನ ಆದೇಶದವರೆಗೆ ಎಲ್ಲವನ್ನೂ ಕಡ್ಡಾಯಗೊಳಿಸಲಾಯಿತು.

ಆದೇಶ:

೧. ನಡಿಗೆ. ಬುಷ್ ಬದಲಿಸಲು ಹೋಗುವವರು ಎಡಗಾಲನ್ನು ಸ್ವಲ್ಪ ಎಳೆದುಕೊಂಡು ಬಾಗಿಲಿನ ಬಳಿ ಸಾಗತಕ್ಕದ್ದು. ಮೊಣಕಾಲು ಆರೋಗ್ಯವಾಗಿರುವವರು ವೈದ್ಯರ ಪ್ರಮಾಣಪತ್ರ ಸಲ್ಲಿಸಿ ವಿನಾಯಿತಿ ಪಡೆಯಬಹುದು.

೨. ಸಂಬೋಧನೆ. ಎಡಬಾಗಿಲನ್ನು ‘ಅಕ್ಕ’ ಎಂದೂ ಬಲಬಾಗಿಲನ್ನು ‘ತಂಗಿ’ ಎಂದೂ ಕರೆಯತಕ್ಕದ್ದು. ತೆರೆಯುವಾಗ ತಂಗಿ ಮೊದಲು, ಮುಚ್ಚುವಾಗ ಅಕ್ಕ ಮೊದಲು ಎಂಬುದು ಕಂಟೇನರಿನ ರಚನೆಯಲ್ಲೇ ಇದ್ದು, ತಂಗಿಯ ಅಂಚು ಅಕ್ಕನ ಮೇಲೆ ಬರುವುದರಿಂದ ಇದನ್ನು ಬದಲಿಸಲಾಗದು. ಈ ಬಗ್ಗೆ ಕ್ರೇನ್ ಚಾಲಕರ ಹೇಳಿಕೆ: “ಮಾವ ನಮ್ಮ ಹತ್ರ ದಿನಕ್ಕೆರಡು ಮಾತಾಡಿದ್ರೆ ಜಾಸ್ತಿ. ಬಾಗಿಲ ಹತ್ರ ನೋಡ್ಬೇಕಿತ್ತು, ಬೀಗರು ಬಂದಂಗೆ ಮಾತಾಡೋರು. ‘ಏನಕ್ಕ, ಎಲ್ಲಿ ನೋವು? ನಿನ್ನ ತಂಗಿ ಮೇಲೆ ಬಿದ್ಲಾ?’ ಅನ್ನೋರು.”

(ಅ) ಇಬ್ಬರನ್ನೂ ಒಟ್ಟಿಗೆ ಕರೆಯಬೇಕಾದಾಗ ‘ಏನ್ರಮ್ಮ’ ಎನ್ನತಕ್ಕದ್ದು.
(ಆ) ಹನ್ನೆರಡು ವರ್ಷ ಮೀರಿದ ಕಂಟೇನರುಗಳಲ್ಲಿ ಎಡಬಾಗಿಲನ್ನು ‘ಅತ್ತೆ’ ಎಂದು ಕರೆದು ಬಹುವಚನ ಬಳಸತಕ್ಕದ್ದು. ‘ಸ್ವಲ್ಪ ಸರೀರಿ ಅತ್ತೆ’ ಎಂಬುದು ಮಾದರಿ.
(ಇ) ಬಾಗಿಲು ಉತ್ತರಿಸದಿದ್ದಲ್ಲಿ ಬೇಸರಪಡಬಾರದು. ಉತ್ತರಿಸಿದಲ್ಲಿ ಲಿಖಿತ ವರದಿ ಸಲ್ಲಿಸಿ ಆ ದಿನದ ಮಟ್ಟಿಗೆ ಮನೆಗೆ ಹೋಗತಕ್ಕದ್ದು.

೩. ಆಸನ. ಬೋರಲು ಹಾಕಿದ ನೀಲಿ ಬಕೆಟ್ಟಿನ ಮೇಲೆ ಕೂರತಕ್ಕದ್ದು. ಬುಷ್ ಮಾವನ ಬಕೆಟ್ಟಿನ ಅಂಚಿನಲ್ಲಿ ಗೇಣುದ್ದದ ಸೀಳು ಇತ್ತು. ಅಂಥ ಬಕೆಟ್ ಯಾರ್ಡಿನಲ್ಲಿ ಒಂದೇ ಇದೆ. ಇನ್ನಷ್ಟು ಸೀಳು ಬಕೆಟ್ ಒದಗಿಸುವಂತೆ ಕೇಳಿದಾಗ ಉಗ್ರಾಣ ಪಾಲಕರು, “ಒಡೆದ ಬಕೆಟ್ ಕೊಟ್ರೆ ಯಾಕೆ ಕೊಟ್ಟೆ ಅಂತೀರಿ, ಒಡೀದೇ ಇರೋದು ಕೊಟ್ರೆ ಯಾಕೆ ಒಡೆದಿಲ್ಲ ಅಂತೀರಿ, ನಾನೇನು ಬಕೆಟ್ ಹೆತ್ತಿದೀನಾ” ಎಂದು ಟಿಪ್ಪಣಿ ಬರೆದಿದ್ದಾರೆ. ಆದ್ದರಿಂದ ಹೊಸ ಬಕೆಟ್ ಪಡೆದು, ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ನೆಲಕ್ಕೆ ಒಗೆದು, ಉಂಟಾದ ಸೀಳನ್ನು ಅಳೆದು, ಗೇಣಿಗೆ ಕಡಿಮೆಯಿದ್ದಲ್ಲಿ ಮತ್ತೊಮ್ಮೆ ಒಗೆಯತಕ್ಕದ್ದು. ಯಾರ ಗೇಣು ಎಂಬ ಪ್ರಶ್ನೆಯನ್ನು ಉಪಸಮಿತಿಗೆ ಒಪ್ಪಿಸಲಾಗಿದೆ.

೪. ಬೈಗುಳ. ಬಾಗಿಲು ಹಟ ಮಾಡಿದಲ್ಲಿ ಗರಿಷ್ಠ ಮೂರು ಸಲ ಬೈಯಬಹುದು. ಅನುಮೋದಿತ ಬೈಗುಳಗಳು: ‘ಮೊಂಡಿ’, ‘ಸೋಮಾರಿ’, ‘ಹಡಗು ಹತ್ತೋಕೆ ಮೊದ್ಲೇ ಇಷ್ಟು ಜಂಬಾನಾ’. ಬೈದ ಐದು ನಿಮಿಷದೊಳಗೆ ಸಮಾಧಾನದ ಮಾತು ಹೇಳತಕ್ಕದ್ದು. ಅತ್ತೆಯನ್ನು ಬೈಯುವಂತಿಲ್ಲ. ಈ ತಿಂಗಳ ೩ನೇ ತಾರೀಖಿನಂದು ಬುಷ್ ಮಾವನ ಬಾಯಿಂದ ತಮ್ಮ ಕಿವಿಗೆ ಬಿದ್ದ ಬೈಗುಳವು ಬಾಗಿಲಿಗೇ ಸೇರಿದ್ದೆಂದು ಖಚಿತಪಡಿಸುವಂತೆ ಉಗ್ರಾಣ ಪಾಲಕರು ಕೋರಿದ್ದಾರೆ. ಖಚಿತಪಡಿಸಲು ಸಾಧ್ಯವಾಗಿಲ್ಲ.

೫. ಆಲಿಕೆ. ಸ್ಪ್ಯಾನರಿನಿಂದ ಸರಳನ್ನು ಮೂರು ಸಲ ತಟ್ಟಿ, ಕಿವಿಯಿಟ್ಟು ಆಲಿಸಿ, ‘ಹೂಂ’ ಎನ್ನತಕ್ಕದ್ದು. ಆರು ಮಂದಿ ಸಾಕ್ಷಿಗಳ ಪ್ರಕಾರ ಬುಷ್ ಮಾವ ‘ಊಹೂಂ’ ಎನ್ನುತ್ತಿದ್ದುದೂ ಉಂಟು. ಯಾವಾಗ ಯಾವುದೆಂದು ತಿಳಿಯದವರು ಮೊದಲು ‘ಊಹೂಂ’ ಎಂದು, ಯಾರೂ ಆಕ್ಷೇಪಿಸದಿದ್ದಲ್ಲಿ ಅದನ್ನೇ ಉಳಿಸಿಕೊಳ್ಳಬಹುದು.

೬. ವೀಕ್ಷಣೆ. ತೆಗೆದ ಹಳೆಯ ಬುಷ್ಷನ್ನು ಒಂದು ಕಣ್ಣಿಗೆ ಹಿಡಿದು ಅದರ ತೂತಿನಿಂದ ಆಕಾಶವನ್ನು ನೋಡತಕ್ಕದ್ದು. ಆಕಾಶದಲ್ಲಿ ಏನನ್ನು ನೋಡಬೇಕೆಂದು ಯಾವ ಸಾಕ್ಷಿಯೂ ತಿಳಿಸಿಲ್ಲ. ಕಂಡದ್ದನ್ನು ನಮೂದಿಸಲು ಹೊಸ ಪುಸ್ತಕವೊಂದನ್ನು ತೆರೆಯಲಾಗಿದ್ದು, ಅದರಲ್ಲಿ ಈವರೆಗೆ ‘ಮೋಡ’, ‘ಮೋಡ’, ‘ಕಾಗೆ’, ‘ಮೋಡ’ ಎಂಬ ನಾಲ್ಕು ನಮೂದುಗಳಿವೆ.

೭. ಹಾಡು. ಹೊಸ ಬುಷ್ ಕೂರಿಸುವ ಮೊದಲು ಮೂರು ನುಡಿಯ ಒಂದು ದೇವರ ಹಾಡನ್ನು ಹೇಳತಕ್ಕದ್ದು. ಹದಿನಾಲ್ಕು ಸಾಕ್ಷಿಗಳು ಹದಿನಾಲ್ಕು ಪಾಠಗಳನ್ನು ಹಾಡಿ ತೋರಿಸಿದ್ದು, ಅವುಗಳಲ್ಲಿ ಒಂದು ಸೋಪಿನ ಜಾಹೀರಾತೆಂದು ನಂತರ ತಿಳಿದುಬಂದಿತು. ಅಧಿಕೃತ ಪಾಠವನ್ನು ಸಹಿದಾರರು ನೆನಪಿನಿಂದ ಬರೆದುಕೊಟ್ಟಿದ್ದಾರೆ. ಅದು ಅವರ ತಾಯಿಯವರು ಅಣ್ಣತಮ್ಮಂದಿರ ತಲೆಗೆ ನೀರು ಹೊಯ್ಯುವಾಗ, ಕಣ್ಣಿಗೆ ಸೀಗೆಪುಡಿ ಬಿದ್ದು ಅಳದಿರಲೆಂದು ಹೇಳುತ್ತಿದ್ದ ಹಾಡು. ಕಂಠವಿಲ್ಲದವರು ಅಧಿಕಾರಪತ್ರ ಕೊಟ್ಟು ಬೇರೆಯವರಿಂದ ಹಾಡಿಸಬಹುದು. ತಪಾಸಣಾಧಿಕಾರಿಗಳು ತಮಗೆ ಕಂಠವಿದೆಯೆಂದು ವಾದಿಸಿದ್ದಾರೆ. ಅವರೂ ಅಧಿಕಾರಪತ್ರ ಕೊಡತಕ್ಕದ್ದು.

೮. ಬೋಲ್ಟುಗಳನ್ನು ಕೈಪಿಡಿಯಂತೆ ಬಿಗಿಯತಕ್ಕದ್ದು. (ಈ ಖಂಡಿಕೆಗೆ ಯಾರೂ ಆಕ್ಷೇಪ ಎತ್ತಿಲ್ಲ. ಯಾರೂ ಓದಿಯೂ ಇಲ್ಲ.)

೯. ಪ್ರಾಯೋಗಿಕ ಅನುಷ್ಠಾನದ ವರದಿ. ಮೇಲಿನ ಎಂಟು ಖಂಡಿಕೆಗಳನ್ನು ೨೦ನೇ ತಾರೀಖು ಸೋಮವಾರ, ಇನ್ನೂ ತೆರೆಯದೆ ನಿಂತಿದ್ದ ಹತ್ತರಲ್ಲಿ ಅತಿ ಹಳೆಯ ಕಂಟೇನರಿನ ಮೇಲೆ ಪ್ರಯೋಗಿಸಲಾಯಿತು. ಹದಿನಾಲ್ಕು ಮಂದಿ ಸಾಲಾಗಿ ಎಡಗಾಲು ಎಳೆಯುತ್ತ ಬಂದು, ಅತ್ತೆಯ ಕ್ಷೇಮ ವಿಚಾರಿಸಿದರು. ಒಂದೇ ಬಕೆಟ್ಟಿನ ಮೇಲೆ ಸರದಿಯಂತೆ ಕೂತೆದ್ದರು. ಹಾಕಿದ್ದ ಬುಷ್‌ಗಳನ್ನು ಬಿಚ್ಚಿ, ಎಂಟರ ಮೂಲಕವೂ ಆಕಾಶ ನೋಡಿ, ಇನ್ನೂ ಹೊಸವನ್ನು ತೊಡಿಸಿದರು. ಹಾಡಿನ ಎರಡನೇ ನುಡಿಯಲ್ಲಿ ಚಕ್ರ ವಿಭಾಗದವರಲ್ಲಿ ಒಬ್ಬರು ಗದ್ಗದಿತರಾದರು. ಬೋಲ್ಟು ಬಿಗಿದ ಮೇಲೆ ಕ್ರೇನ್ ಚಾಲಕರು ಹ್ಯಾಂಡಲಿಗೆ ತೂಗುಬಿದ್ದರು. ಹ್ಯಾಂಡಲ್ ಬಾಗಿತು. ಅತ್ತೆ ಅಲುಗಲಿಲ್ಲ.

೧೦. ನಗುವಿನ ಬಗ್ಗೆ. ಸದರಿ ಪ್ರಯೋಗ ನಡೆಯುತ್ತಿರುವಾಗ, ಸೀಲು ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದ ಮೃತರ ಮಗಳು ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದುದನ್ನು ಗಮನಿಸಲಾಯಿತು. ೭ನೇ ತಾರೀಖಿನ ನಂತರ ಅವರು ನಕ್ಕದ್ದು ಇದೇ ಮೊದಲು. ಗಂಭೀರ ಕಾರ್ಯದಲ್ಲಿ ನಕ್ಕಿದ್ದಕ್ಕೆ ಸಮಜಾಯಿಷಿ ಕೇಳಿ ನೋಟೀಸು ನೀಡಲಾಯಿತು. ೨೧ನೇ ತಾರೀಖಿನಂದು ಅವರು ನೀಡಿದ ಉತ್ತರವನ್ನು ಇದ್ದಂತೆಯೇ ಇಲ್ಲಿ ಸೇರಿಸಲಾಗಿದೆ:

“ದೊಡ್ಡಪ್ಪ, ಅಂದ್ರೆ ಸರ್, ನಗಬಾರ್ದಿತ್ತು, ತಪ್ಪಾಯ್ತು. ಹದಿನಾಲ್ಕು ಜನ ಕುಂಟ್ಕೊಂಡು ಬಂದು ಒಂದು ತಗಡಿನ ಬಾಗಿಲಿಗೆ ‘ಚೆನ್ನಾಗಿದೀರಾ ಅತ್ತೆ’ ಅಂದ್ರೆ ನಾನೇನ್ಮಾಡ್ಲಿ. ಅಪ್ಪ ಇದ್ದಿದ್ರೆ ಬಕೆಟ್ ಮೇಲಿಂದ ಬೀಳೋರು. ನೀವೆಲ್ಲ ಎಲ್ಲಾನೂ ಸರಿಯಾಗೇ ನೋಡಿದೀರಿ, ಅಪ್ಪನ ಕೈ ಒಂದು ಬಿಟ್ಟು. ಹಾಡೋವಾಗ ಬಾಯಿ ನೋಡ್ತಾ ನಿಂತ್ರಿ. ಕೈಯಲ್ಲಿ ಉಪ್ಪು ಕಾಗದ ಇರ್ತಿತ್ತು. ಹಳೇ ಬುಷ್ ಸವೆದ ಜಾಗದಲ್ಲಿ ಸರಳಿಗೆ ತುಕ್ಕು ಹಿಡಿದು ಊದ್ಕೊಂಡಿರತ್ತೆ. ಅದರ ಮೇಲೇ ಹೊಸದು ಕೂರ್ಸಿ ಬಿಗಿದ್ರೆ ಕಚ್ಕೊಂಡ್ಬಿಡತ್ತೆ, ಎಷ್ಟು ಜನ ನೇತಾಡಿದ್ರೂ ತಿರುಗಲ್ಲ. ಮೊದಲು ಉಜ್ಜಬೇಕು, ಸರಳು ಕನ್ನಡಿ ಥರ ಆಗೋವರೆಗೂ. ಅದಕ್ಕೆ ಮೂರು ನುಡಿ ಬೇಕು. ಅಪ್ಪ ಗಡಿಯಾರ ಕಟ್ತಿರ್ಲಿಲ್ಲ, ಹಾಡೇ ಗಡಿಯಾರ. ಎರಡೇ ನುಡಿಗೆ ನಿಲ್ಸಿದ್ರೆ ನನ್ನ ಕೈಗೆ ಒಂದೇಟು ಬೀಳೋದು. ಹೂಂ, ನಂಗೂ ಕಲಿಸಿದ್ರು, ಊಟದ ಗಂಟೇಲಿ. ನಿಮ್ಮ ಫಾರಮ್ಮಲ್ಲಿ ಅದಕ್ಕೆ ಜಾಗ ಇರ್ಲಿಲ್ಲ, ಅದಕ್ಕೆ ಹೇಳಿರ್ಲಿಲ್ಲ.

“ಕುಂಟ್ತಿದ್ದಿದ್ದು ಮೊಣಕಾಲು ನೋವಿಗೆ. ಬಕೆಟ್ ಮೇಲೆ ಕೂರ್ತಿದ್ದಿದ್ದೂ ಅದಕ್ಕೇ, ಕಾಲು ಮಡಿಸೋಕಾಗ್ತಿರ್ಲಿಲ್ಲ. ತಟ್ತಿದ್ದಿದ್ದು ಸರಳು ಸಡಿಲ ಇದೆಯಾ ಅಂತ. ಗಡಗಡ ಅಂದ್ರೆ ಊಹೂಂ. ಬುಷ್ಷಲ್ಲಿ ಆಕಾಶ ನೋಡಿದ್ದು ಯಾವ ಕಡೆ ತೆಳ್ಳಗಾಗಿದೆ ಅಂತ, ಬಾಗಿಲು ಎಳೀತಿರೋದು ಆ ಕಡೆಗೇ. ಕಾಗೆ ಎಣಿಸೋಕಲ್ಲ.

“ಅಕ್ಕ, ತಂಗಿ, ಅತ್ತೆ ಅಂತಿದ್ದಿದ್ದಕ್ಕೆ ಕಾರಣ ಏನೂ ಇಲ್ಲ. ಅಮ್ಮ ಹೋದ್ಮೇಲೆ ಅಪ್ಪಂಗೆ ಮಾತಾಡೋಕೆ ಯಾರಿದ್ರು? ನಾನು ಸೀಲು ಹಿಡ್ಕೊಂಡು ಸಾಲಿಂದ ಸಾಲಿಗೆ ಓಡ್ತಿದ್ದೆ. ನೀವು ಅವರಿಗೆ ಜ್ಞಾಪನ ಬರೀತಾ ಕೂತಿದ್ರಿ.”

ಈ ಉತ್ತರದ ಕೊನೆಯ ವಾಕ್ಯವನ್ನು ಅಪ್ರಸ್ತುತವೆಂದು ದಾಖಲೆಯಿಂದ ತೆಗೆಯಲು ಮೇಲ್ವಿಚಾರಕರಿಗೆ ಅಧಿಕಾರವಿದೆ. ತೆಗೆದಿಲ್ಲ.

೧೧. ತಿದ್ದುಪಡಿ. ಇಂದು ಬೆಳಿಗ್ಗೆ ಮೃತರ ಮಗಳ ಸೂಚನೆಯಂತೆ ಅದೇ ಹಳೆಯ ಕಂಟೇನರಿನ ಬುಷ್‌ಗಳನ್ನು ಬಿಚ್ಚಿ, ಬಾಗಿದ ಹ್ಯಾಂಡಲನ್ನು ನೆಟ್ಟಗೆ ಮಾಡಿ, ಸರಳನ್ನು ಮೂರು ನುಡಿ ಮುಗಿಯುವವರೆಗೆ ಉಪ್ಪು ಕಾಗದದಿಂದ ಉಜ್ಜಿ, ಬುಷ್‌ಗಳನ್ನು ಮತ್ತೆ ತೊಡಿಸಲಾಯಿತು. ಅತ್ತೆ ಮುಚ್ಚಿಕೊಂಡರು, ತೆರೆದುಕೊಂಡರು, ಮತ್ತೆ ಮುಚ್ಚಿಕೊಂಡರು. ಪರೀಕ್ಷೆಗೆ ಒಳಗೆ ಹೋಗುವಂತೆ ಕೋರಿದಾಗ ತಪಾಸಣಾಧಿಕಾರಿಗಳು ಹೊರಗಿನಿಂದಲೇ ತೃಪ್ತಿ ವ್ಯಕ್ತಪಡಿಸಿದರು. ಈ ಹಿನ್ನೆಲೆಯಲ್ಲಿ:

(ಅ) ಖಂಡಿಕೆ ೧, ೩ ಮತ್ತು ೪ನ್ನು ಹಿಂಪಡೆಯಲಾಗಿದೆ. ಈಗಾಗಲೇ ಒಡೆದ ಆರು ಬಕೆಟ್ಟುಗಳ ಬಗ್ಗೆ ಯಾರೂ ಯಾರನ್ನೂ ಕೇಳತಕ್ಕದ್ದಲ್ಲ.
(ಆ) ಖಂಡಿಕೆ ೫, ೬ ಮತ್ತು ೭ನ್ನು, ಮೇಲೆ ತಿಳಿಸಿದ ಕಾರಣಗಳನ್ನು ಅರಿತುಕೊಂಡು, ಪಾಲಿಸತಕ್ಕದ್ದು.
(ಇ) ಖಂಡಿಕೆ ೨ರಿಂದ ಯಾವ ಬಾಗಿಲೂ ತೆರೆಯುವುದಿಲ್ಲವೆಂದು ಖಚಿತವಾಗಿದೆ. ಸಿಬ್ಬಂದಿ ಅದನ್ನು ಉಳಿಸುವಂತೆ ಸರ್ವಾನುಮತದಿಂದ ಕೋರಿದ್ದು, ಉಳಿಸಲಾಗಿದೆ. ಬಾಗಿಲಿಗೆ ತೋರುವ ಮರ್ಯಾದೆಯನ್ನು ದಿನಕ್ಕೊಮ್ಮೆಯಾದರೂ ಪಕ್ಕದಲ್ಲಿ ಕೆಲಸ ಮಾಡುವವರಿಗೂ ತೋರತಕ್ಕದ್ದು.

೧೨. ಎಂಟನೇ ಬುಷ್. ‘ಒಂದು ಪೆಟ್ಟಿಗೆ, ಒಂದು ಕೈ’ ನಿಯಮವನ್ನು ರದ್ದುಪಡಿಸಬೇಕಾದರೆ, ಅದಕ್ಕೆ ಕಾರಣರಾದ ಇಬ್ಬರು ಫಿಟ್ಟರುಗಳ ಲಿಖಿತ ಒಪ್ಪಿಗೆ ಬೇಕು. ಅವರಲ್ಲೊಬ್ಬರು ಯಾರ್ಡು ಬಿಟ್ಟು ಹೋಗಿ ಇಪ್ಪತ್ತು ವರ್ಷವಾಗಿದ್ದು ವಿಳಾಸ ತಿಳಿದಿಲ್ಲ. ಇನ್ನೊಬ್ಬರು ಬುಷ್ ಮಾವ. ಆದ್ದರಿಂದ ನಿಯಮ ಊರ್ಜಿತದಲ್ಲಿದೆ.

ನಿಯಮ ಊರ್ಜಿತದಲ್ಲಿರುವಾಗಲೇ ಆರನೇ ಸಾಲಿನ ಕಂಟೇನರಿನ ಬಳಿ ನಿಂತು ಸ್ಥಳ ಪರಿಶೀಲನೆ ಮಾಡಲಾಯಿತು. ಏಳು ಬುಷ್‌ಗಳೂ ಒಂದೇ ಬಿಗಿಯಲ್ಲಿ ಕೂತಿದ್ದವು. ಸರಳು ಹೊಳೆಯುತ್ತಿತ್ತು. ಅರ್ಜಿದಾರರ ಕೈಯನ್ನು ಪರಿಶೀಲಿಸಲಾಗಿ, ಉಪ್ಪು ಕಾಗದ ಹಿಡಿಯುವ ಎರಡು ಬೆರಳುಗಳ ತುದಿಯಲ್ಲಿ ಚರ್ಮ ದಪ್ಪಗಟ್ಟಿರುವುದು ಕಂಡುಬಂದಿತು. ಊಟದ ಗಂಟೆಗಳಲ್ಲಿ ಮಾತ್ರ ಕಲಿತವರಿಗೆ ಅಷ್ಟು ದಪ್ಪಗಟ್ಟಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಲು ಹೋಗಿ ಬಿಡಲಾಯಿತು.

ಆದ್ದರಿಂದ ಈ ಮೂಲಕ ಆದೇಶಿಸುವುದೇನೆಂದರೆ: ಈ ಕಂಟೇನರಿನ ಮಟ್ಟಿಗೆ ಮಗಳ ಕೈಯನ್ನು ತಂದೆಯ ಕೈಯೆಂದೇ ಪರಿಗಣಿಸತಕ್ಕದ್ದು. ಏಳು ಬುಷ್‌ಗಳನ್ನು ಯಾರೂ ಮುಟ್ಟತಕ್ಕದ್ದಲ್ಲ. ಎಂಟನೆಯದನ್ನು ಅವರೇ ಹಾಕತಕ್ಕದ್ದು. ಕೆಲಸದ ಹಾಳೆಯಲ್ಲಿ ‘ಒಂದು ಕೈ’ ಎಂದು ಬರೆಯತಕ್ಕದ್ದು.

೧೩. ಘಟನೋತ್ತರ ಮಂಜೂರಾತಿ. ಹಿಂದಿನ ಖಂಡಿಕೆ ಬೆರಳಚ್ಚಾಗುವಷ್ಟರಲ್ಲಿ ಇಂದು ಮಧ್ಯಾಹ್ನ ಮೂರು ಗಂಟೆಗೆ ಕೆಲಸ ಆರಂಭವಾಗಿಬಿಟ್ಟಿತ್ತು. ಅದಕ್ಕೆ ಈ ಮೂಲಕ ಮಂಜೂರಾತಿ ನೀಡಲಾಗಿದೆ. ಆ ಸಮಯದಲ್ಲಿ ಆರನೇ ಸಾಲಿನಲ್ಲಿ ಹಾಜರಿದ್ದವರು ಮತ್ತು ಅವರು ನೀಡಿದ ಕಾರಣಗಳು: ಕ್ರೇನ್ ಚಾಲಕರು, ಸಾಲಿನ ಸಂಖ್ಯೆಯ ಬಣ್ಣ ಮಾಸಿದೆಯೇ ಎಂದು ನೋಡಲು. ಉಗ್ರಾಣ ಪಾಲಕರು, ಏನೋ ಬಿದ್ದುಹೋಗಿತ್ತು, ಹುಡುಕಲು. ಚಕ್ರ ವಿಭಾಗದ ಮೂವರು, ದಾರಿ ತಪ್ಪಿ. ತಪಾಸಣಾಧಿಕಾರಿಗಳು, “ಸುಮ್ನೆ”.

ಮೃತರ ಮಗಳು ಹಳೆಯ ಬುಷ್ಷನ್ನು ತೆಗೆದು, ಸರಳನ್ನು ಉಜ್ಜುತ್ತ ಹಾಡು ಆರಂಭಿಸಿದರು. ಎರಡು ನುಡಿ ಸುಸೂತ್ರವಾಗಿ ನಡೆಯಿತು. ಮೂರನೆಯದರ ನಡುವೆ ದನಿ ನಿಂತಿತು. ಕೈ ನಿಲ್ಲಲಿಲ್ಲ. ಮೂರು ನುಡಿ ಪೂರ್ತಿಯಾಗದೆ ಬುಷ್ ಕೂರಿಸುವಂತಿಲ್ಲವಾದ್ದರಿಂದ, ಉಳಿದ ಸಾಲುಗಳನ್ನು ಸ್ಥಳದಲ್ಲಿದ್ದ ಮೇಲ್ವಿಚಾರಕರು ಹೇಳಿ ಮುಗಿಸಿದರು. ಅವರ ಶ್ರುತಿಯ ಬಗ್ಗೆ ಬಂದ ಎರಡು ದೂರುಗಳನ್ನು ಸ್ವೀಕರಿಸಲಾಗಿದೆ.

ಬುಷ್ ಕೂತಿತು. ಬೋಲ್ಟು ಬಿಗಿಯಿತು. ಅಕ್ಕ ಮೊದಲು ಮುಚ್ಚಿಕೊಂಡಳು, ತಂಗಿ ಅವಳ ಮೇಲೆ ಅಂಚು ಹೊದಿಸಿದಳು. ಹ್ಯಾಂಡಲನ್ನು ಅರ್ಜಿದಾರರು ಕಿರುಬೆರಳಿನಿಂದ ತಿರುಗಿಸಿದರು. ರಿಪೇರಿ ಮಾಡಿದವರೇ ಸೀಲು ಹಾಕಬಾರದೆಂಬ ನಿಯಮವಿರುವುದರಿಂದ ಸೀಲನ್ನು ಮೇಲ್ವಿಚಾರಕರು ಹಾಕಿದರು. ಮೊದಲ ಸಲ ಅದು ಸರಿಯಾಗಿ ಕೂರಲಿಲ್ಲ. “ಕೊಡಿ ದೊಡ್ಡಪ್ಪ, ಹಿಂಗೆ ಹಿಡೀಬೇಕು” ಎಂದು ಮೃತರ ಮಗಳು ತೋರಿಸಿಕೊಟ್ಟ ಮೇಲೆ ಕೂತಿತು. ‘ಸರ್’ ಎಂಬ ನಿಯಮವನ್ನು ಇಂದಿಗೂ ಜ್ಞಾಪಿಸಲಿಲ್ಲ.

೧೪. ಸದರಿಯವರನ್ನು ನಾಳೆಯಿಂದ ಈ ವಿಭಾಗದ ಬುಷ್ ಫಿಟ್ಟರ್ ಆಗಿ ನೇಮಿಸಲಾಗಿದೆ. ವಿಧಾನವನ್ನು ಬರೆದು ಕೊಡುವಂತೆ ಅವರಿಗೆ ಯಾವ ಜ್ಞಾಪನವನ್ನೂ ಕಳಿಸಲಾಗುವುದಿಲ್ಲ. ಮೇಲ್ವಿಚಾರಕರು ಪ್ರತಿದಿನ ಊಟದ ಗಂಟೆಯಲ್ಲಿ ಆರನೇ ಸಾಲಿಗೆ ಹೋಗಿ ಕೂತು ನೋಡಿ ಕಲಿಯತಕ್ಕದ್ದು.

(ಸಹಿ)
ಮೇಲ್ವಿಚಾರಕರು
ಬಾಗಿಲು ಮತ್ತು ಬೀಗ ನಿರ್ವಹಣಾ ವಿಭಾಗ

ಪ್ರತಿಗಳು:

೧. ತಪಾಸಣಾಧಿಕಾರಿಗಳಿಗೆ, ಬಯಲಿನಲ್ಲಿ ನಿಂತು ಓದಿಕೊಳ್ಳಲು.
೨. ಅವರ ಪತ್ನಿಯವರಿಗೆ, ಮಾಹಿತಿಗಾಗಿ. ಇನ್ನು ಮುಂದೆ ಬಾಗಿಲುಗಳು ತೆರೆಯುತ್ತವೆಂದು ವಿಷಾದದಿಂದ ತಿಳಿಸಲಾಗಿದೆ.
೩. ಉಗ್ರಾಣ ಪಾಲಕರಿಗೆ, ಉಪ್ಪು ಕಾಗದ ತರಿಸುವ ಬಗ್ಗೆ. ಹರಿದದ್ದು ಬೇಡ.
೪. ನಾಳೆಯ ಹಡಗಿನ ಕಪ್ತಾನರಿಗೆ, ಆರನೇ ಸಾಲಿನಿಂದ ಬರುವ ಕಂಟೇನರನ್ನು ಮೆಲ್ಲಗೆ ಇಳಿಸಿಕೊಳ್ಳುವ ಕೋರಿಕೆಯೊಂದಿಗೆ.
೫. ಹನ್ನೊಂದು ಕಂಟೇನರುಗಳ ಅಕ್ಕ, ತಂಗಿ ಮತ್ತು ಅತ್ತೆಯವರಿಗೆ, ಓದಿ ಹೇಳತಕ್ಕದ್ದು.
೬. ಕಚೇರಿ ಪ್ರತಿ.
೭. ಭಗವಂತನ ಸನ್ನಿಧಿಗೆ, ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ. ಸ್ವಾಮಿ, ನನ್ನ ತಮ್ಮ ನಿನ್ನಲ್ಲಿಗೆ ಬಂದಿದ್ದಾನೆ. ಬದುಕಿದ್ದಷ್ಟು ದಿನ ಯಾರಿಗೂ ಭಾರವಾಗಲಿಲ್ಲ, ಯಾರ ಮೇಲೂ ದೂರು ಹೇಳಲಿಲ್ಲ. ಅವನ ಕಾಲಿನ ನೋವು ಇಳಿಯಲಿ. ಮುಂಚೆ ಹೋದವಳು ಅವನಿಗೆ ಸಿಗಲಿ, ಇಬ್ಬರೂ ಮಾತಾಡಿಕೊಂಡಿರಲಿ. ನಾನು ಅವನೊಡನೆ ಆಡದೆ ಉಳಿಸಿದ ಮಾತನ್ನು ನೀನು ಆಡು. ಅವನ ಆತ್ಮಕ್ಕೆ ಶಾಂತಿ ಕೊಡು, ತಂದೆ.